ಇಳಿತ ನೋಡಿ ಇಳಿದುಕೊಳ್ಳುವುದು

ದ್ವೀಪಕ್ಕೆ ಹೊರಟವರು ಕಡಲಿಗಿಂತ ಮೊದಲು ನೋಡುವುದು ರೂಮಿನ ಫೋಟೊವನ್ನು. ಅಂಡಮಾನಿನ ಸ್ವರಾಜ್ ದ್ವೀಪವನ್ನು ಹೆಚ್ಚಿನವರು ಈಗಲೂ ಹ್ಯಾವ್‌ಲಾಕ್ ಎಂದೇ ಕರೆಯುತ್ತಾರೆ. ಅಲ್ಲಿ ಮೂರು ರಾತ್ರಿ ಉಳಿಯಲು ಬೆಂಗಳೂರಿನ ಮನೆಯಲ್ಲಿ ಕೂತು ಜಾಗ ಹುಡುಕುವವರ ಮೊಬೈಲಿನಲ್ಲಿ ಎಲ್ಲೆಲ್ಲೂ ಒಂದೇ ನೋಟ: ಬಾಗಿದ ತೆಂಗು, ಬಿಳಿ ಮರಳು, ಕಾಲು ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ ನೀಲಿ ನೀರು. ರೂಮು ಕಡಲಿಗೆ ಹತ್ತಿರವಾದಷ್ಟೂ ಬಾಡಿಗೆ ಏರುತ್ತದೆ. ಹಾಗಾಗಿ ಇರುವ ದುಡ್ಡಿನಲ್ಲಿ ಕಡಲಿಗೆ ಎಷ್ಟು ಹತ್ತಿರ ಹೋಗಬಹುದು ಎಂಬುದೊಂದೇ ಪ್ರಶ್ನೆ ಎಂದುಕೊಂಡು ಬುಕಿಂಗ್ ಮುಗಿಸುತ್ತೇವೆ. ಈ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ಸಣ್ಣ ದ್ವೀಪದಲ್ಲಿ ಕಣ್ಣಿಗೆ ಬೇಕಾದ ಜಾಗ ಒಂದು, ದಿನ ಕಳೆಯಲು ಬೇಕಾದ ಜಾಗ ಇನ್ನೊಂದು. ಮೊದಲನೆಯದಕ್ಕೆ ಹೋಗಿ ಬರಬೇಕು, ಎರಡನೆಯದರಲ್ಲಿ ಇಳಿದುಕೊಳ್ಳಬೇಕು. ಆ ಎರಡನೆಯ ಜಾಗ ಯಾವುದು ಎಂಬುದನ್ನು ತಿಳಿಯಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ವರ್ಷದ ಹನ್ನೆರಡು ತಿಂಗಳೂ ಅಲ್ಲಿ ಬಾಳುವವರು ಎಲ್ಲಿ ಮನೆ ಕಟ್ಟಿಕೊಂಡಿದ್ದಾರೆ, ಎಲ್ಲಿ ತರಕಾರಿ ಮಾರುತ್ತಾರೆ, ಎಲ್ಲಿ ಹಡಗು ಹತ್ತುತ್ತಾರೆ ಎಂಬುದನ್ನು ನೋಡಿದರೆ ಸಾಕು. ಮೂರು ದಿನದ ಅತಿಥಿಯೂ ಊರಿನ ನೀರು, ಬೆಳಕು, ದಾರಿಗಳ ಅಳವಿನೊಳಗೆ ಇರುವುದು ಅವನಿಗೂ ಒಳ್ಳೆಯದು, ದ್ವೀಪಕ್ಕೂ ಒಳ್ಳೆಯದು.

ಮೊದಲು ದ್ವೀಪ ಹೇಗಿದೆ ನೋಡೋಣ. 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು ಪಡೆದಿರುವ ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರ. ಖಾಸಗಿ ಹಡಗಿನಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆ. 1857ರ ದಂಗೆಯನ್ನು ಹತ್ತಿಕ್ಕಿದ ಬ್ರಿಟಿಷ್ ಸೇನಾನಿ ಹೆನ್ರಿ ಹ್ಯಾವ್‌ಲಾಕನ ಹೆಸರು ಹೊತ್ತಿದ್ದ ಈ ನೆಲಕ್ಕೆ 2018ರ ಡಿಸೆಂಬರ್ 30ರಂದು ಸ್ವರಾಜ್ ಎಂಬ ಹೆಸರು ಬಂತು. ದ್ವೀಪದ ಬಹುಪಾಲು ಕಾಡು ಮತ್ತು ಗುಡ್ಡ. ಉತ್ತರದ ಸಮತಟ್ಟಿನಲ್ಲಿ ಮಾತ್ರ ಜನವಸತಿ. 1950ರ ದಶಕದಲ್ಲಿ ಪೂರ್ವ ಪಾಕಿಸ್ತಾನದಿಂದ ಎಲ್ಲವನ್ನೂ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಇಲ್ಲಿ ಗದ್ದೆ ಮಾಡಿದವು, ತೆಂಗು ಅಡಿಕೆ ನೆಟ್ಟವು. ಈಗ ಸುಮಾರು ಆರು ಸಾವಿರ ಜನರ ಊರು. ಹಳ್ಳಿಗಳಿಗೆ ಹೆಸರಿನ ಜೊತೆ ಸಂಖ್ಯೆಯೂ ಇದೆ, ಕಡಲತೀರಗಳನ್ನು ಕರೆಯುವುದೂ ಆ ಸಂಖ್ಯೆಯಿಂದಲೇ. ಪೂರ್ವ ದಡದಲ್ಲಿ ಮೂರನೇ ನಂಬರಿನ ಗೋವಿಂದನಗರ, ಐದನೇ ನಂಬರಿನ ವಿಜಯನಗರ. ಜೆಟ್ಟಿ, ಮಾರುಕಟ್ಟೆ, ಆರೋಗ್ಯ ಕೇಂದ್ರ ಎಲ್ಲವೂ ಈ ಕಡೆಗೇ. ಜೆಟ್ಟಿಯಿಂದ ಗುಡ್ಡ ದಾಟಿ 12 ಕಿಲೋಮೀಟರ್ ಹೋದರೆ ಪಶ್ಚಿಮ ದಡದಲ್ಲಿ ಏಳನೇ ನಂಬರಿನ ರಾಧಾನಗರ. ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಕೊಂಡಾಡಿದ್ದು ಇದನ್ನೇ. 2020ರಲ್ಲಿ ನಮ್ಮ ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳ ಜೊತೆಯಲ್ಲೇ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದೂ ಇದೇ. ಹೀಗಾಗಿ ಹೋಗುವವರ ಗೊಂದಲ ಒಂದೇ: ಹೆಸರುವಾಸಿ ಪಶ್ಚಿಮದಲ್ಲಿ ಇರುವುದೋ, ಪೂರ್ವದಲ್ಲಿ ಕಡಲಿಗೆ ಮುಖ ಮಾಡಿದ ರೂಮು ಹಿಡಿಯುವುದೋ, ಅಥವಾ ಎರಡನ್ನೂ ಬಿಟ್ಟು ಊರಿನೊಳಗಿನ ಸಾದಾ ವಸತಿಗೆ ಹೋಗುವುದೋ.

ಪೂರ್ವದ ಫೋಟೊದಿಂದ ಶುರು ಮಾಡೋಣ. ಐದನೇ ನಂಬರಿನ ದಡದಲ್ಲಿ ತೆಗೆದ ಫೋಟೊಗಳೆಲ್ಲ ಭರತದ ಹೊತ್ತಿನವು. ಅಂಡಮಾನಿನ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಏರಿದ್ದು ಇಳಿಯಲು ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರಿನ ಮಟ್ಟ ಎರಡು ಮೀಟರಿನಷ್ಟು ಕೆಳಗಿಳಿಯುತ್ತದೆ. ಎರಡು ಮೀಟರ್ ಎಂದರೆ ಒಬ್ಬ ಆಳಿನ ಎತ್ತರ, ಅದರಲ್ಲೇನಿದೆ ಅನ್ನಿಸಬಹುದು. ಆದರೆ ಈ ಬದಿಯ ದಡ ಇಳಿಜಾರೇ ಇಲ್ಲದಷ್ಟು ಚಪ್ಪಟೆ. ನೂರು ಮೀಟರ್ ನಡೆದರೆ ಒಂದೇ ಮೀಟರ್ ಆಳವಾಗುವ ನೆಲದಲ್ಲಿ ಎರಡು ಮೀಟರ್ ನೀರು ಇಳಿಯಿತೆಂದರೆ ಕಡಲು ಇನ್ನೂರು ಮೀಟರ್ ಹಿಂದೆ ಸರಿಯಿತೆಂದೇ ಲೆಕ್ಕ. ಬೆಳಿಗ್ಗೆ ಮೆಟ್ಟಿಲಿನವರೆಗೆ ಬಂದಿದ್ದ ನೀರು ಮಧ್ಯಾಹ್ನಕ್ಕೆ ದೂರದಲ್ಲೊಂದು ಬೆಳ್ಳಿಗೆರೆ. ಅದಕ್ಕೂ ನಮಗೂ ನಡುವೆ ಬೂದು ಬಣ್ಣದ ಹವಳದ ಕಲ್ಲು, ಪಾಚಿ ಹಿಡಿದ ಬಂಡೆ, ಕಣಕಾಲು ಮುಳುಗುವಷ್ಟು ನೀರಿನ ಹೊಂಡಗಳು. ನೀರಿಲ್ಲದೆ ಮಗ್ಗುಲಿಗೆ ಒರಗಿ ಮಲಗಿದ ದೋಣಿ, ಅದರ ಲಂಗರಿನ ಹಗ್ಗ ಒಣ ಮರಳಿನ ಮೇಲೆ ಸಡಿಲವಾಗಿ ಬಿದ್ದಿರುತ್ತದೆ. ಹೊಂಡದೊಳಗೆ ಬೆರಳುದ್ದದ ಪಟ್ಟೆಮೀನು ಕಲ್ಲಿನ ನೆರಳಿನಿಂದ ನೆರಳಿಗೆ ಹಾರುತ್ತದೆ. ಕಪ್ಪು ಸೌತೆಕಾಯಿಯಂಥ ಜೀವಿಯೊಂದು ಅಲುಗಾಡದೆ ಬಿದ್ದುಕೊಂಡಿರುತ್ತದೆ. ಯಾರೋ ಬಿಟ್ಟುಹೋದ ಶಂಖದ ಚಿಪ್ಪನ್ನು ಮನೆ ಮಾಡಿಕೊಂಡ ಏಡಿ ಅದನ್ನು ಹೊತ್ತು ಮರಳಿನಲ್ಲಿ ಸಣ್ಣ ಹೊಲಿಗೆ ಹಾಕಿದಂತೆ ಗೆರೆ ಎಳೆಯುತ್ತ ಹೋಗುತ್ತದೆ. ಬಗ್ಗಿ ನೋಡುವ ತಾಳ್ಮೆ ಇದ್ದವರಿಗೆ ಇದು ಕಡಲು ತನ್ನ ಅಡುಗೆಮನೆಯ ಬಾಗಿಲು ತೆರೆದ ಹೊತ್ತು. ಈಜಲು ಬಂದವರಿಗೆ ಮಾತ್ರ ಇದು ಬರಿಗಾಲಿಗೆ ಚುಚ್ಚುವ ಕಲ್ಲುನೆಲ.

ಈ ಇಳಿತ ವಸತಿಯ ಲೆಕ್ಕವನ್ನು ಹೇಗೆ ಬದಲಿಸುತ್ತದೆ? ಭರತ-ಇಳಿತಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬಂದ ದಿನ ಬೆಳಿಗ್ಗೆ ಹತ್ತಕ್ಕೆ ಇಳಿತವಾದರೆ ಮೂರನೆಯ ದಿನ ಅದು ಹನ್ನೊಂದೂವರೆ ದಾಟಿರುತ್ತದೆ. ಅಂದರೆ ಮೂರು ದಿನದ ಪ್ರವಾಸದಲ್ಲಿ ಹಗಲಿನ ಒಳ್ಳೆಯ ಹೊತ್ತು ಪೂರ್ತಿ ಇಳಿತಕ್ಕೇ ಹೋಗಬಹುದು, ಅಥವಾ ಪೂರ್ತಿ ಭರತದಲ್ಲೇ ಸಿಗಬಹುದು. ಅದು ನಮ್ಮ ರಜೆಯ ಚೀಟಿಯನ್ನು ನೋಡಿ ಆಗುವುದಲ್ಲ, ಚಂದ್ರನನ್ನು ನೋಡಿ ಆಗುವುದು. ರೂಮಿನ ಬಾಗಿಲಿನಿಂದ ನೇರವಾಗಿ ನೀರಿಗಿಳಿಯಬಹುದು ಎಂಬ ಆಸೆಗೆ ದುಪ್ಪಟ್ಟು ಬಾಡಿಗೆ ತೆತ್ತವರು ಅರ್ಧ ದಿನವಾದರೂ ಗಾಡಿ ಹತ್ತಿ ರಾಧಾನಗರಕ್ಕೇ ಹೋಗಬೇಕಾಗುತ್ತದೆ. ಅಲ್ಲಿ ಇಳಿತದಲ್ಲೂ ಕಾಲಿಗೆ ಮರಳೇ ಸಿಗುತ್ತದೆ. ಊರಿನೊಳಗೆ, ದಡದಿಂದ ಹತ್ತು ನಿಮಿಷದ ನಡಿಗೆಯಲ್ಲಿ ಇಳಿದುಕೊಂಡವರು ಹೋಗುವುದೂ ಅಲ್ಲಿಗೇ. ವ್ಯತ್ಯಾಸ ಬಾಡಿಗೆಯದು ಮಾತ್ರ. ಇಳಿತವನ್ನು ನೋಡಬೇಕೆಂದರೆ ಆ ಹತ್ತು ನಿಮಿಷದ ನಡಿಗೆ ಎಲ್ಲರಿಗೂ ತೆರೆದೇ ಇದೆ. ಕಡಲತೀರ ಯಾರ ಹಿತ್ತಲೂ ಅಲ್ಲ. ಪೂರ್ವ ದಡದ ಕಡಲಿಗೆ ಕೊಡುವ ಹೆಚ್ಚಿನ ದುಡ್ಡು ನೋಟಕ್ಕೆ ಸಲ್ಲುತ್ತದೆ, ನೀರಿಗೆ ಸಲ್ಲುವುದಿಲ್ಲ. ನೋಟವಾದರೋ ದಿನದಲ್ಲಿ ಎರಡು ಸಲ ಎದ್ದು ಹೋಗುತ್ತದೆ.

ಹಾಗಿದ್ದರೆ ನೇರವಾಗಿ ರಾಧಾನಗರದ ಬಳಿಯೇ ಇಳಿದುಕೊಂಡರಾಯಿತಲ್ಲ ಎಂದು ಯಾರಾದರೂ ಕೇಳುವುದು ನ್ಯಾಯವೇ. ಆ ಬದಿಯಲ್ಲೂ ಒಳ್ಳೆಯ ರೆಸಾರ್ಟುಗಳಿವೆ. ಇದಕ್ಕೆ ಉತ್ತರ ಗಡಿಯಾರದಲ್ಲಿದೆ. ಭಾರತಕ್ಕೆಲ್ಲ ಗಂಟೆ ಒಂದೇ, ಸೂರ್ಯ ಮಾತ್ರ ಅದನ್ನು ಒಪ್ಪುವುದಿಲ್ಲ. ಈ ದ್ವೀಪ ಬೆಂಗಳೂರಿಗಿಂತ 15 ಡಿಗ್ರಿಗೂ ಹೆಚ್ಚು ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಅಲ್ಲಿನ ಹಗಲು ನಮ್ಮದಕ್ಕಿಂತ ಸುಮಾರು ಒಂದು ಗಂಟೆ ಮೊದಲೇ ಹುಟ್ಟಿ ಒಂದು ಗಂಟೆ ಮೊದಲೇ ಮುಗಿಯುತ್ತದೆ. ನಮ್ಮವರು ಹೆಚ್ಚಾಗಿ ಹೋಗುವ ಡಿಸೆಂಬರ್ ರಜೆಯಲ್ಲಿ ಅಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗಿರುತ್ತಾನೆ. ಬೆಂಗಳೂರಿನಲ್ಲಿ ಆಗ ಇನ್ನೂ ಇಳಿಬಿಸಿಲು ಗೋಡೆಯ ಮೇಲಿರುತ್ತದೆ. ಐದೂಮುಕ್ಕಾಲಿಗೆ ಅಲ್ಲಿ ಗಾಢ ಕತ್ತಲೆ. ಮಲಗುವುದು ಹತ್ತಕ್ಕೆ ಎಂದಿಟ್ಟುಕೊಂಡರೆ ದಿನಾ ನಾಲ್ಕು ಗಂಟೆಗೂ ಮೀರಿದ ರಾತ್ರಿಯನ್ನು ಎಚ್ಚರದಲ್ಲಿ ಕಳೆಯಬೇಕು. ವಸತಿಯನ್ನು ಆರಿಸುವಾಗ ನಾವೆಲ್ಲ ಹಗಲಿನ ಬಗ್ಗೆ ಯೋಚಿಸುತ್ತೇವೆ. ಹಗಲನ್ನು ಯಾರೂ ರೂಮಿನಲ್ಲಿ ಕಳೆಯುವುದಿಲ್ಲ. ವಸತಿ ಬೇಕಾಗುವುದೇ ರಾತ್ರಿಗೆ. ಗುಡ್ಡದಾಚೆಯ ದಡದಲ್ಲಿ ಕಾಡಿನ ನಡುವೆ ಉಳಿದವರಿಗೆ ಆ ನಾಲ್ಕು ಗಂಟೆಗಳಲ್ಲಿ ತಮ್ಮ ರೆಸಾರ್ಟಿನ ಊಟದ ಕೋಣೆ ಬಿಟ್ಟರೆ ಬೇರೆ ಗತಿಯಿಲ್ಲ. ಕತ್ತಲಲ್ಲಿ ಗುಡ್ಡದ ದಾರಿ ಹಿಡಿಯಲು ಗಾಡಿಯವರೂ ಹಿಂದೆಮುಂದೆ ನೋಡುತ್ತಾರೆ. ಇತ್ತ ಗೋವಿಂದನಗರದ ಪೇಟೆ ಎಚ್ಚರಗೊಳ್ಳುವುದೇ ಆ ಹೊತ್ತಿಗೆ. ಬಲ್ಬಿನ ಬೆಳಕಿನಲ್ಲಿ ನೆಲದ ಮೇಲೆ ಹರಡಿದ ಬದನೆ, ಪಡವಲ, ಕುಂಬಳದ ಬಳ್ಳಿಯ ಕುಡಿ, ಬಾಳೆಗೊನೆ. ಬಡಿದ ಮಂಜುಗಡ್ಡೆಯ ಮೇಲೆ ಮೀನು. ಒಂದೊಂದು ಅಂಗಡಿಯ ಮುಂದೂ "ದಾದಾ" ಎಂಬ ಕೂಗು. ಅನ್ನ, ಬೇಳೆ, ಸಾಸಿವೆಯೆಣ್ಣೆಯ ಮೀನಿನ ಸಾರಿನ ಸಣ್ಣ ಹೋಟೆಲುಗಳು. ಅಡಿಕೆ ತೋಟಗಳ ನಡುವಿನಿಂದ ಹೋದ ಕನ್ನಡಿಗರಿಗೆ ಗೊನೆ ಕೊಯ್ಲಿನ ಮಾತೊಂದೇ ಸಾಕು, ಹಿಂದಿ ಹರಕುಮುರುಕಾದರೂ ಸಂಜೆ ಕಳೆದುಹೋಗುತ್ತದೆ.

ಇನ್ನು ನೀರಿನ ಮಾತು. ಕಡಲ ನೀರಲ್ಲ, ಕುಡಿಯುವ ನೀರು. ಅಂಡಮಾನಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ನಮ್ಮ ಕರಾವಳಿಯಷ್ಟೇ ಧಾರಾಳ. ಆದರೆ ಮೇ ತಿಂಗಳಿನಿಂದ ಡಿಸೆಂಬರ್‌ವರೆಗೆ ಎರಡು ಮಳೆಗಾಲಗಳಲ್ಲಿ ಬಿದ್ದದ್ದನ್ನು ಹಿಡಿದಿಡಲು ಸಣ್ಣ ದ್ವೀಪದಲ್ಲಿ ದೊಡ್ಡ ಹೊಳೆಯಿಲ್ಲ, ಕಣಿವೆಯಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಒಣ ತಿಂಗಳುಗಳು. ಪ್ರವಾಸಿಗಳು ಸಾಲುಗಟ್ಟಿ ಬರುವುದೂ ಅವೇ ತಿಂಗಳುಗಳಲ್ಲಿ. ಕಡಲಂಚಿನ ಮರಳುನೆಲದ ಬಾವಿಗಳ ಗುಟ್ಟನ್ನು ನಮ್ಮ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಆದ್ದರಿಂದ ಅದು ನೆಲದೊಳಗೆ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಬಾವಿಯಲ್ಲಿ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನ ಉಪ್ಪುನೀರು ಅದರ 40 ಪಟ್ಟಿನಷ್ಟು ಮೇಲೇರಬಲ್ಲದು ಎಂಬುದು ನೆಲದಡಿಯ ನೀರಿನ ಶಾಸ್ತ್ರದ ಹಳೆಯ ಲೆಕ್ಕ. ಹಾಗಾಗಿ ಕಡಲಿಗೆ ತೀರ ಹತ್ತಿರ ಕೊಳವೆಬಾವಿ ಕೊರೆದು, ಈಜುಕೊಳ ತುಂಬಿಸಿ, ಹುಲ್ಲುಹಾಸಿಗೆ ಹಾಯಿಸುವ ರೆಸಾರ್ಟು ಒಂದೆರಡು ತಿಂಗಳಲ್ಲಿ ಸುತ್ತಲಿನ ಬಾವಿಗಳನ್ನೆಲ್ಲ ಉಪ್ಪಾಗಿಸಬಹುದು. ಕಡಲ ಪಕ್ಕದಲ್ಲೇ ಈಜುಕೊಳವೇಕೆ ಎಂದರೆ, ಇಳಿತದ ಹೊತ್ತಿಗೆ ಕಡಲು ಎದ್ದು ಹೋಗುತ್ತದಲ್ಲ, ಅದಕ್ಕೆ. ತಪ್ಪು ಜಾಗದ ಆಯ್ಕೆ ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತದೆ. ಎರಡು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ ಎಂದು ಹೇಳುವ ಊರೊಳಗಿನ ಮನೆಯಲ್ಲಿ ಉಳಿದವರು ಮನೆಯವರಷ್ಟೇ ನೀರು ಬಳಸುತ್ತಾರೆ, ಏಕೆಂದರೆ ಟ್ಯಾಂಕು ಎಲ್ಲರದೂ ಒಂದೇ. ನೀರು ಮುಗಿದದ್ದು ಮೊದಲು ತಿಳಿಯುವುದು ಮನೆಯೊಡತಿಗೆ, ಆಮೇಲೆ ಅತಿಥಿಗೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ನಮ್ಮ ಗಾದೆಯ ಒಳಗೆ ಊರೆಂದರೆ ನೀರಿನ ಸುತ್ತ ಕಟ್ಟಿಕೊಂಡದ್ದು ಎಂಬ ತಿಳಿವಳಿಕೆಯಿದೆ. ಆ ತಿಳಿವಳಿಕೆ ದ್ವೀಪದಲ್ಲಿ ಮೂರು ಪಟ್ಟು ನಿಜ.

ನಾಲ್ಕನೆಯ ಸಾಕ್ಷಿ ಗಾಳಿಮಳೆಯದು. 2016ರ ಡಿಸೆಂಬರ್ ಮೊದಲ ವಾರದಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತದಿಂದ ಹಡಗುಗಳು ನಿಂತುಹೋದವು. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಸಿಕ್ಕಿಬಿದ್ದರು. ಕೊನೆಗೆ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯ ಹಡಗುಗಳು ಅವರನ್ನು ಕರೆತಂದವು. ಡಿಸೆಂಬರ್ ಎಂದರೆ ಅಲ್ಲಿ ಪ್ರವಾಸದ ಹಂಗಾಮು, ಆದರೆ ಮುಂಗಾರು ಮುಗಿದ ಮಾತ್ರಕ್ಕೆ ಕಡಲಿನ ಸಿಟ್ಟು ಮುಗಿಯುವುದಿಲ್ಲ. ಅಂಥ ದಿನಗಳಲ್ಲಿ ಬೇಕಾಗುವುದು ನೋಟವಲ್ಲ. ಹಡಗು ಬರುತ್ತದೆಯೇ ಎಂದು ಕೇಳಲು ನಡೆದು ಹೋಗುವಷ್ಟು ಹತ್ತಿರದ ಜೆಟ್ಟಿ, ಬಾಗಿಲು ತೆರೆದಿರುವ ಒಂದು ದಿನಸಿ ಅಂಗಡಿ, ಜ್ವರ ಬಂದ ಮಗುವನ್ನು ಎತ್ತಿಕೊಂಡು ಓಡಬಹುದಾದ ಆರೋಗ್ಯ ಕೇಂದ್ರ, ಮತ್ತು ಇಂಥದ್ದನ್ನು ಹಿಂದೆ ಹತ್ತಾರು ಸಲ ಕಂಡ ನೆರೆಯವರು. ಗಾಳಿಮಳೆ ಇಲ್ಲದ ದಿನಗಳಿಗೂ ಈ ನೆರೆ ಬೇಕು. 2010ರಲ್ಲಿ ರಾಧಾನಗರದ ಬದಿಯ ಕೊಲ್ಲಿಯಲ್ಲಿ ಸ್ನಾರ್ಕ್‌ಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಅಂಡಮಾನಿನ ಉಪ್ಪುನೀರಿನ ಮೊಸಳೆಗಳು ಕಾಂಡ್ಲಾ ಕಾಡಿನ ತೊರೆಗಳಿಂದ ಹೊರಟು ತೆರೆದ ಕಡಲಿಗೂ ಬರುತ್ತವೆ. ಯಾವ ತೊರೆಯ ಬಾಯಿಯಲ್ಲಿ ಇಳಿಯಬಾರದು, ಯಾವ ತಿಂಗಳಲ್ಲಿ ಯಾವ ದಡದ ಸೆಳೆತ ಕೆಟ್ಟದ್ದು ಎಂಬುದು ಹಲಗೆಯ ಮೇಲೆ ಬರೆದಿರುತ್ತದೆ, ನಿಜ. ಆದರೆ ಬೆಳಗಿನ ಚಹಾ ಕೊಡುವಾಗ ಮನೆಯವರು "ಇವತ್ತು ಆ ಕಡೆ ಬೇಡ" ಎಂದು ಹೇಳುವ ಮಾತಿಗೆ ಹಲಗೆ ಸಾಟಿಯಲ್ಲ.

ಇದಕ್ಕೆ ಬರುವ ಬಲವಾದ ಆಕ್ಷೇಪ ಏಕಾಂತದ್ದು. ವರ್ಷಪೂರ್ತಿ ಟ್ರಾಫಿಕ್ಕಿನಲ್ಲಿ, ಗದ್ದಲದಲ್ಲಿ ಬೆಂದು ಬಂದವರು ಅಲ್ಲೂ ಸಂತೆಯ ಪಕ್ಕದಲ್ಲೇ ಮಲಗಬೇಕೇ? ಹೊಸದಾಗಿ ಮದುವೆಯಾದವರು, ಜೀವಮಾನದಲ್ಲೊಮ್ಮೆ ಕಡಲನ್ನು ಮನದಣಿಯೆ ನೋಡಬೇಕೆಂದು ವರ್ಷಗಟ್ಟಲೆ ಕೂಡಿಟ್ಟವರು, ಅವರಿಗೂ ಇದೇ ಉಪದೇಶವೇ? ಈ ಬಯಕೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಮೌನ ಬೇಕೆನ್ನುವುದು ದೊಡ್ಡಸ್ತಿಕೆಯಲ್ಲ, ನಿಜವಾದ ಹಸಿವು. ನನ್ನ ಉತ್ತರ ಇಷ್ಟೇ: ದ್ವೀಪದ ಮೌನ ಇರುವುದು ರೂಮಿನಲ್ಲಲ್ಲ, ಹೊತ್ತಿನಲ್ಲಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದಕ್ಕೇ ಬಾನು ಬಿಳುಪೇರತೊಡಗುತ್ತದೆ, ಐದೂವರೆಯ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ. ನಮ್ಮ ಗಡಿಯಾರಕ್ಕೆ ಒಗ್ಗಿದ ಪ್ರವಾಸಿಗಳು ಏಳುವುದು ಏಳರ ಮೇಲೆ. ಆ ಎರಡು ಗಂಟೆ ಪೂರ್ವದ ದಡ ಪೂರ್ತಿ ಖಾಲಿ. ಗೋವಿಂದನಗರದ ಹಿಂದಿನ ಓಣಿಯಿಂದ ಐದಕ್ಕೆ ಎದ್ದು ನಡೆದು ಬಂದವರಿಗೆ ಸಿಗುವ ಏಕಾಂತ, ಕಡಲೆದುರಿನ ರೂಮಿನಲ್ಲಿ ಎಂಟರವರೆಗೆ ಮಲಗಿದವರಿಗೆ ಯಾವ ಬಾಡಿಗೆಗೂ ಸಿಗದು. ಇನ್ನು ಊರಿನ ಗದ್ದಲ ಎಂದರೂ ಎಷ್ಟು? ಆರು ಸಾವಿರ ಜನರ ದ್ವೀಪ ಅದು. ಪೇಟೆಯ ರಸ್ತೆಯಿಂದ ಎರಡು ತೋಟ ಒಳಗೆ ಹೋದರೆ ರಾತ್ರಿ ಕೇಳುವುದು ಕಪ್ಪೆ, ಜೀರುಂಡೆ, ದೂರದ ಮನೆಯೊಂದರ ಟಿ.ವಿ. ಊರಿನೊಳಗೆ ಎಂದರೆ ಜೆಟ್ಟಿಯ ಎದುರಿಗೆ ಎಂದರ್ಥವಲ್ಲ, ನಡೆದು ಹೋಗಿ ನಡೆದು ಬರುವ ಅಳತೆಯಲ್ಲಿ ಎಂದರ್ಥ. ಅಷ್ಟಾಗಿಯೂ ಒಂದು ರಾತ್ರಿಯಾದರೂ ಅಲೆಗಳ ಸದ್ದಿನ ಪಕ್ಕದಲ್ಲೇ ಮಲಗಬೇಕೆನ್ನುವವರು ಖಂಡಿತ ಮಲಗಲಿ. ಆದರೆ ಪಂಚಾಂಗ ನೋಡಿ, ಭರತ ಯಾವ ಹೊತ್ತಿಗೆ ಎಂದು ತಿಳಿದು, ಒಂದು ರಾತ್ರಿಗೆ.

ಇನ್ನೊಂದು ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು. ದ್ವೀಪವೇ ಅಷ್ಟು ಸಣ್ಣದು, ಬಾಡಿಗೆ ಸ್ಕೂಟರ್ ಸಿಗುತ್ತದೆ, ಎಲ್ಲಿದ್ದರೇನು ಎಂಬುದು. ಸಣ್ಣದಾಗಿರುವುದರಿಂದಲೇ ಜಾಗದ ಪ್ರಶ್ನೆ ದೊಡ್ಡದಾಗುತ್ತದೆ. ಬೆಂಗಳೂರಿನಲ್ಲಿ ತಪ್ಪು ಬಡಾವಣೆ ಹಿಡಿದರೂ ಅದೇ ಬಡಾವಣೆಯಲ್ಲಿ ಒಂದು ಔಷಧಿ ಅಂಗಡಿ, ಒಂದು ದರ್ಶಿನಿ ಇದ್ದೇ ಇರುತ್ತದೆ. ಸಣ್ಣ ದ್ವೀಪದಲ್ಲಿ ಇಂಥ ಪ್ರತಿಯೊಂದೂ ಒಂದೇ ಕಡೆ ಇರುತ್ತದೆ. ಹಡಗು ನಿಲ್ಲುವುದು ಒಂದೇ ಜಾಗದಲ್ಲಿ, ಆಸ್ಪತ್ರೆ ಒಂದೇ, ಪೇಟೆ ಒಂದೇ. ಡೈವಿಂಗ್ ಕಲಿಸುವ ಕೇಂದ್ರಗಳು ಬಹುಪಾಲು ಮೂರು ಮತ್ತು ಐದನೇ ನಂಬರಿನ ನಡುವೆಯೇ ಇವೆ, ಅವರ ದೋಣಿಗಳು ಹೊರಡುವುದು ನಸುಕಿನಲ್ಲಿ. ರಾಧಾನಗರದಿಂದ ಅದಕ್ಕೆ ಬರಬೇಕಾದವರು ಕತ್ತಲಲ್ಲೇ ಗುಡ್ಡ ದಾಟಬೇಕು. ಸ್ಕೂಟರ್ ಓಡಿಸಬಲ್ಲ ಯುವಕರಿಗೆ 12 ಕಿಲೋಮೀಟರ್ ಏನೂ ಅಲ್ಲ. ಮೊಣಕಾಲು ನೋವಿನ ಅಜ್ಜಿ, ಕಂಕುಳಲ್ಲಿ ಕೂಸು ಇರುವ ತಾಯಿ ದಿನಕ್ಕೆರಡು ಸಲ ಆ ದಾರಿಯಲ್ಲಿ ಹೋಗಿ ಬರುವುದನ್ನು ಲೆಕ್ಕಕ್ಕೆ ಹಿಡಿದರೆ ಚಿತ್ರ ಬದಲಾಗುತ್ತದೆ. ಮನೆಮಂದಿಯೆಲ್ಲ ಹೋಗುವ ಪ್ರವಾಸದಲ್ಲಿ ವಸತಿಯ ಜಾಗವನ್ನು ಮನೆಯ ಅತ್ಯಂತ ನಿಧಾನದ ಕಾಲುಗಳು ನಿರ್ಧರಿಸಬೇಕು.

ಮೂರನೆಯ ಆಕ್ಷೇಪ ನನಗೆ ಅತಿ ಗಂಭೀರವಾಗಿ ಕಾಣುವುದು. ಬಂದವರೆಲ್ಲ ಊರೊಳಗೇ ಇಳಿದುಕೊಂಡರೆ ಆ ಊರು ಊರಾಗಿ ಉಳಿಯುವುದೇ? ಗದ್ದೆಗಳು ಲಾಡ್ಜುಗಳಾಗುತ್ತವೆ, ಮೀನಿನ ಬೆಲೆ ಊರವರ ಕೈಗೆ ಎಟುಕದಂತಾಗುತ್ತದೆ, ಕಸದ ರಾಶಿ ಬೆಳೆಯುತ್ತದೆ. ಅದಕ್ಕಿಂತ ಪ್ರವಾಸಿಗಳನ್ನು ದೂರದ ರೆಸಾರ್ಟಿನ ಬೇಲಿಯೊಳಗೆ ಇಡುವುದೇ ಮೇಲಲ್ಲವೇ? ಗೋಕರ್ಣದ ಗತಿ ಕಂಡ ಕನ್ನಡಿಗರು ಈ ಮಾತನ್ನು ಸುಮ್ಮನೆ ತಳ್ಳಿಹಾಕಲಾರರು. ಆದರೆ ಬೇಲಿಯೊಳಗಿನ ರೆಸಾರ್ಟೂ ಊರಿನ ನೆಲದ ಮೇಲೆಯೇ ನಿಂತಿದೆ. ಅದರ ನೀರು ಅದೇ ನೆಲದಡಿಯಿಂದ ಬರುತ್ತದೆ, ಅದರ ದೀಪಗಳಿಗೂ ಬಹುಮಟ್ಟಿಗೆ ಹಡಗಿನಲ್ಲಿ ಬಂದ ಡೀಸೆಲ್ಲೇ ಬೇಕು, ಅದರ ಕಸವೂ ಅದೇ ದ್ವೀಪದಲ್ಲಿ ಉಳಿಯುತ್ತದೆ ಅಥವಾ ಅದೇ ಜೆಟ್ಟಿಯಿಂದ ಹೊರಡಬೇಕು. ಬೇಲಿ ಈ ಹೊರೆಯನ್ನು ಕಡಿಮೆ ಮಾಡುವುದಿಲ್ಲ, ಅತಿಥಿಯ ಕಣ್ಣಿನಿಂದ ಮರೆಮಾಡುತ್ತದೆ. ಊರೊಳಗಿನ ಅತಿಥಿಗೆ ಕರೆಂಟು ಹೋದದ್ದು ಗೊತ್ತಾಗುತ್ತದೆ, ತಾನು ಕುಡಿದು ಎಸೆದ ಬಾಟಲಿ ಮರುದಿನವೂ ಓಣಿಯಲ್ಲೇ ಬಿದ್ದಿರುವುದು ಕಾಣುತ್ತದೆ. ಕಂಡವನು ಕಾಣದವನಿಗಿಂತ ಎಚ್ಚರದಲ್ಲಿರುತ್ತಾನೆ ಎಂಬ ನಂಬಿಕೆ ನನ್ನದು. ದೊಡ್ಡ ರೆಸಾರ್ಟುಗಳು ಹತ್ತಾರು ಮಂದಿಗೆ ಕೆಲಸ ಕೊಡುತ್ತವೆ, ಅದನ್ನು ಮರೆಯಬಾರದು. ಆದರೆ ನಿರಾಶ್ರಿತರಾಗಿ ಬಂದವರ ಮೊಮ್ಮಗಳೊಬ್ಬಳು ತನ್ನ ಅಡಿಕೆ ತೋಟದಲ್ಲಿ ಎರಡು ರೂಮು ಕಟ್ಟಿ ಬಾಡಿಗೆಗೆ ಕೊಟ್ಟಾಗ ಅವಳು ಕೆಲಸದವಳಲ್ಲ, ಯಜಮಾನಿ. ಎಷ್ಟು ರೂಮು ಕಟ್ಟಬೇಕು, ಯಾವ ತಿಂಗಳು ಬಾಗಿಲು ಹಾಕಬೇಕು, ಎಷ್ಟು ನೀರು ಕೊಡಬೇಕು ಎಂದು ತೀರ್ಮಾನಿಸುವವಳು ಅವಳೇ. ಊರು ಕೆಡದಂತೆ ಕಾಯುವ ಅಧಿಕಾರ ಊರವರ ಕೈಯಲ್ಲಿ ಉಳಿಯುವ ದಾರಿ ಅದೊಂದೇ. ಅದಕ್ಕೆ ಕಾನೂನಿನ ಮಿತಿಯೂ ಬೇಕು, ಪಂಚಾಯಿತಿಯ ಗಟ್ಟಿತನವೂ ಬೇಕು. ಅತಿಥಿಯ ಕೈಯಲ್ಲಿರುವುದು ಒಂದೇ, ತನ್ನ ದುಡ್ಡು ಯಾರ ಬಾಗಿಲಿಗೆ ಹೋಗಬೇಕೆಂಬುದು.

ಪಕ್ಕದ ದ್ವೀಪದಲ್ಲೂ ಈ ಮಾತು ನಿಲ್ಲುತ್ತದೆಯೇ ಎಂದು ನೋಡಬಹುದು. ನೀಲ್ ದ್ವೀಪ, ಈಗಿನ ಹೆಸರಿನಲ್ಲಿ ಶಹೀದ್ ದ್ವೀಪ, ಇನ್ನೂ ಸಣ್ಣದು, 14 ಚದರ ಕಿಲೋಮೀಟರಿನಷ್ಟೂ ಇಲ್ಲ, ಮೂರು ಸಾವಿರದ ಆಸುಪಾಸಿನ ಜನ. ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ ಎಂದು ಇಡೀ ರಾಮಾಯಣವೇ ಅಲ್ಲಿ ಹಳ್ಳಿಗಳಾಗಿ ಹರಡಿಕೊಂಡಿದೆ. ಅಂಡಮಾನಿಗೆ ತರಕಾರಿ ಬೆಳೆದುಕೊಡುವ ದ್ವೀಪ ಎಂದೇ ಅದಕ್ಕೆ ಹೆಸರು. ಜೆಟ್ಟಿಯ ಪಕ್ಕದ ಭರತಪುರದಲ್ಲಿ ನೀರಾಟ, ಪಶ್ಚಿಮದ ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ, ಪೂರ್ವದ ಸೀತಾಪುರದಲ್ಲಿ ಸೂರ್ಯೋದಯ. ಎಲ್ಲವನ್ನೂ ಸೈಕಲ್ ತುಳಿದೇ ಮುಗಿಸಬಹುದು. ಲಕ್ಷ್ಮಣಪುರದ ಹೆಸರಾಂತ ಹವಳದ ಕಲ್ಲಿನ ಸಹಜ ಸೇತುವೆಯನ್ನು ತಲುಪಬೇಕೆಂದರೆ ಇಳಿತಕ್ಕೆ ಕಾಯಲೇಬೇಕು. ಅಂದರೆ ಅಲ್ಲಿ ಕಡಲು ಹಿಂದೆ ಸರಿದ ಹೊತ್ತೇ ನೋಡುವ ಹೊತ್ತು. ಇಂಥ ಕಡೆ ಊರೊಳಗೆ ಇಳಿದುಕೊಂಡರೆ ಏನೂ ಕಳೆದುಕೊಳ್ಳುವುದಿಲ್ಲ. ಹಾಗಾಗಿ ಯಾವ ಸಣ್ಣ ದ್ವೀಪಕ್ಕೆ ಹೊರಟರೂ ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಬೇಕು. ನಾವು ಬರುವ ದಿನಗಳಲ್ಲಿ ಇಳಿತ ಎಷ್ಟು ಗಂಟೆಗೆ? ಸಂಜೆ ಕತ್ತಲಾದ ಮೇಲೆ ಊಟಕ್ಕೆ ನಡೆದು ಹೋಗಬಹುದೇ? ನೀರು ಎಲ್ಲಿಂದ ಬರುತ್ತದೆ? ಹಡಗು ನಿಂತರೆ ಜೆಟ್ಟಿ ಎಷ್ಟು ದೂರ? ಈ ನಾಲ್ಕಕ್ಕೂ ತಡವರಿಸದೆ ಉತ್ತರಿಸುವವರ ಮನೆಯೇ ಇಳಿದುಕೊಳ್ಳುವ ಜಾಗ. ಉತ್ತರಿಸುವ ಬದಲು ಇನ್ನೆರಡು ಫೋಟೊ ಕಳಿಸುವವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಬಹುದು.

ಹಾಗೆಂದು ರಾಧಾನಗರ ಬೇಡವೆಂದಲ್ಲ. ಅದು ಬೇಕೇ ಬೇಕು, ಅದಕ್ಕಾಗಿಯೇ ಅಷ್ಟು ದೂರ ಹೋಗುವುದು. ಮಧ್ಯಾಹ್ನ ಎರಡರ ಸುಮಾರಿಗೆ ಗುಡ್ಡ ದಾಟಿ ಇಳಿದರೆ ಮುಗಿಲಿಗೆ ತಲೆ ತಾಗಿಸಿದ ಕಡಲ ಮಹುವಾ ಮರಗಳ ಸಾಲು, ಅದರ ನೆರಳು ಮುಗಿಯುವಲ್ಲಿ ಹಿಟ್ಟಿನಂಥ ಮರಳು, ಅದರಾಚೆ ಹಸಿರಿನಿಂದ ನೀಲಿಗೆ ತಿರುಗುವ ನೀರು. ಐದಕ್ಕೆ ಸೂರ್ಯ ನೀರಿಗಿಳಿದ ಮೇಲೆ ಜನರೆಲ್ಲ ಎದ್ದು ಮೈಯ ಮರಳು ಕೊಡವಿಕೊಂಡು ಗಾಡಿಗಳತ್ತ ಹೊರಡುತ್ತಾರೆ. ಕಡಲಾಮೆಗಳು ಮೊಟ್ಟೆಯಿಡಲು ಹುಡುಕುವುದು ಇಂಥ ದೀಪವಿಲ್ಲದ ದಡಗಳನ್ನೇ. ಆ ಕಡಲತೀರ ಇಂದಿಗೂ ಅಷ್ಟು ಚೆಲುವಾಗಿ ಉಳಿದಿರುವುದಕ್ಕೆ ಅದರ ಮರಳಿನ ಮೇಲೆ ಸಾಲುಸಾಲು ಕಟ್ಟಡಗಳು ಏಳದಿರುವುದೇ ದೊಡ್ಡ ಕಾರಣ. ಅಲ್ಲಿನ ರೈತರ ಮನೆಗಳೂ ಕಾಡಿನ ಪಟ್ಟಿಯ ಹಿಂದೆ, ಗದ್ದೆಗಳ ಬದಿಯಲ್ಲಿವೆ. ನೋಡುವ ಜಾಗವನ್ನು ಮಲಗುವ ಜಾಗವಾಗಿ ಮಾಡಿಕೊಳ್ಳದೆ ಬಿಟ್ಟದ್ದರಿಂದಲೇ ಅದು ನೋಡುವ ಜಾಗವಾಗಿ ಉಳಿದಿದೆ. ಕೊನೆಯ ಗಾಡಿ ಗುಡ್ಡ ಹತ್ತಿದ ಮೇಲೆ ಆ ಮರಳು ರಾತ್ರಿಯಿಡೀ ಏಡಿಗಳದ್ದು, ಅಲೆಗಳದ್ದು. ಗುಡ್ಡದ ಈಚೆ ಗೋವಿಂದನಗರದಲ್ಲಿ ಬಲ್ಬುಗಳು ಹತ್ತಿರುತ್ತವೆ, ಒಲೆಯ ಮೇಲೆ ಅನ್ನ ಬೆಂದಿರುತ್ತದೆ.